ದೇವರ ಜೊತೆ ಮಾತು ಬಿಟ್ಟ ಬ್ರೆಡ್ಡಮ್ಮ

ಬ್ರೆಡ್ಡಮ್ಮ ಬಾಯಿ ಮುಚ್ಚಿಕೊಂಡು ಹಿಟ್ಟು ನಾದಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಲ್ಲ. ಹಾಗಂತ ಅವಳೇನು ಗಿರಾಕಿಗಳ ತಲೆ ತಿನ್ನುವವಳಲ್ಲ. ಅವಳ ಮಾತುಕತೆಯೆಲ್ಲ ದೇವರ ಜೊತೆ. ಮೇಜಿನ ಮೇಲೆ ಹಿಟ್ಟು ಕಲಸಿ ಅಂಗೈ ಊರಿದಳೆಂದರೆ ಶುರು. ಮಗಳು ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ, ನಿನ್ನ ದಯ ಕಣಪ್ಪ. ಮಂಡಿನೋವು ಇವತ್ತು ಕಡಿಮೆ, ಅದಕ್ಕೂ ಒಂದು ನಮಸ್ಕಾರ. ಎದುರುಮನೆಯವಳ ಬಾಯಿ ಮಾತ್ರ ಕಡಿಮೆಯಾಗಿಲ್ಲ, ಅದನ್ನು ಸ್ವಲ್ಪ ನೋಡು. ಎಲ್ಲ ಒಪ್ಪಿಸಿ ಮುಗಿಸುವ ಹೊತ್ತಿಗೆ ಹಿಟ್ಟು ಹದಕ್ಕೆ ಬಂದಿರುತ್ತಿತ್ತು. ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದ ಗಂಡನೋ, ಮಹಾ ಕೀಟಲೆಯವನು. ದೇವರಿಗೂ ಒಂದು ಗಳಿಗೆ ಉಸಿರಾಡಲು ಬಿಡು ಮಾರಾಯ್ತಿ ಎಂದು ಕಾಲೆಳೆಯುತ್ತಿದ್ದ.

ಅಂಥವನು ಒಂದು ಬೆಳಿಗ್ಗೆ ಟ್ರೇ ಹಿಡಿದ ಹಾಗೇ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲೆಳೆದುಕೊಂಡು ಹೇಗೋ ನಡೆದ, ಆದರೆ ಮಾತು ಹೊರಡಲಿಲ್ಲ. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

ಅತ್ತು ಅತ್ತು ಸಾಕಾದ ಮೇಲೆ ಬ್ರೆಡ್ಡಮ್ಮನಿಗೆ ಸಿಟ್ಟು ಬಂತು. ಒಲೆ ನೋಡಿಕೊಳ್ಳಲೆಂದು ಬಂದಿದ್ದ ನಾದಿನಿಯ ಮುಂದೆ ಕಡ್ಡಿ ಮುರಿದಂತೆ ಹೇಳಿದಳು:

"ಇವರ ಮಾತು ಕಿತ್ಕೊಂಡನಲ್ಲ, ಇನ್ಮೇಲೆ ಅವನಿಗೆ ನನ್ನ ಮಾತೂ ಇಲ್ಲ."

ಹೀಗೆ ದೇವರ ಜೊತೆ ಮಾತು ಬಿಟ್ಟಳು. ಬ್ರೆಡ್ಡು ಕೆಡತೊಡಗಿತು. ಉಬ್ಬದೆ, ಅರಳದೆ, ಕಲ್ಲಿನಂತೆ ಕೂತುಬಿಡುತ್ತಿತ್ತು. ಈಸ್ಟ್ ಬದಲಾಯಿಸಿದ್ದಾಯಿತು, ಒಲೆಯ ಬಾಗಿಲು ರಿಪೇರಿ ಮಾಡಿಸಿದ್ದಾಯಿತು, ಹಿಟ್ಟು ತಂದುಕೊಡುವವನ ಜನ್ಮ ಜಾಲಾಡಿದ್ದಾಯಿತು. ಹಳೇ ಗಿರಾಕಿಗಳು, ಪಾಪ, ಹಲ್ಲು ಗಟ್ಟಿಯಾಗುತ್ತೆ ಬಿಡಿ ಎನ್ನುತ್ತಲೇ ಒಯ್ದರು. ಕೊನೆಗೆ ಗುಟ್ಟು ಹಿಡಿದವಳು ನಾದಿನಿ. ಅತ್ತಿಗೆ ಹಿಟ್ಟಿನಿಂದ ಬೇಗ ಕೈ ತೆಗೆಯುತ್ತಿದ್ದಳು. ಇಷ್ಟು ವರ್ಷ ಅವಳು ನಾದಿದ್ದು ಮಾತು ಮುಗಿಯುವ ತನಕ. ಈಗ ಮಾತೇ ಇಲ್ಲ. ಗಡಿಯಾರ ನೋಡಿ ನಾದಬಹುದಿತ್ತು, ನಿಜ. ಆದರೆ ಸುಮ್ಮನೆ ಅಷ್ಟು ಹೊತ್ತು ಆ ಮೇಜಿನ ಮುಂದೆ ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ.

ಮೊದಲಿನ ಹಾಗೆ ಮಾತಾಡು ಅತ್ತಿಗೆ ಎಂದಳು ನಾದಿನಿ. ಏನಂತ ಮಾತಾಡಲಿ, ಬಹಳ ಉಪಕಾರವಾಯಿತು ಅಂತಲಾ ಎಂದು ಇವಳು ಸಿಡುಕಿದಳು.

"ಹಾಗಾದ್ರೆ ಬೈಯಿ. ಒಳ್ಳೇದಾದಾಗ ಅಷ್ಟು ಹೊಗಳಿದ್ದೀಯ, ಬೈಯೋಕೆ ನಿನಗೆ ಹಕ್ಕಿಲ್ವಾ?"

ಮರುದಿನ ಮಧ್ಯಾಹ್ನ ಬ್ರೆಡ್ಡಮ್ಮ ಅಂಗೈ ಊರಿದಳು. ಗಂಡ ಹಿಟ್ಟಿನ ಮೂಟೆಗಳ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಮೊದಲು ಎರಡು ಸಲ ಹಿಟ್ಟು ಮಗುಚಿದಳು, ಆಮೇಲೆ ನೋಡಿ, ಕಟ್ಟೆಯೇ ಒಡೆಯಿತು. ಎದುರುಮನೆಯ ಬಾಯಿ ನೋಡು ಅಂದರೆ ನನ್ನ ಮನೆಯ ಬಾಯಿ ಮುಚ್ಚಿಸಿದೆಯಲ್ಲ, ಅಷ್ಟೂ ವಿಳಾಸ ಗೊತ್ತಾಗುವುದಿಲ್ಲವಾ ನಿನಗೆ ಎಂದು ದೇವರ ಬೆಂಡೆತ್ತಿದಳು. ಬೈದು ಸುಸ್ತಾಗಿ ಕೈ ತೆಗೆದಾಗ ಹಿಟ್ಟು ಹತ್ತಿಯಂತಿತ್ತು. ಅಂದಿನಿಂದ ದಿನವೂ ಅದೇ ಜಗಳ. ಬ್ರೆಡ್ಡು ಸುಧಾರಿಸಿತು. ಗಂಡನ ಬಾಯಿಂದ ಮಾತ್ರ ಒಂದು ಮಾತಿಲ್ಲ.

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಅವಳ ಬಾಯಿಗೂ ಲಂಗುಲಗಾಮಿರಲಿಲ್ಲ. ಒಂದು ಮಧ್ಯಾಹ್ನ ದೇವರನ್ನು ಕಿವುಡ, ಕೈಲಾಗದವನು ಎಂದೆಲ್ಲ ಬೈಯಲು ಶುರುಮಾಡಿದಾಗ ಬೆನ್ನ ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದಳು. ಗಂಡ ಎಡಗೈ ಎತ್ತಿ ಮೇಲಕ್ಕೆ, ಚಾವಣಿಯ ಕಡೆಗೆ, ಬೆರಳು ತೋರಿಸುತ್ತಿದ್ದ. ತುಟಿ ಒಂದು ಕಡೆ ಸೊಟ್ಟಗಾಗಿ ನಡುಗುತ್ತಿತ್ತು.

"ಪಾ... ಪಾಪ," ಎಂದ.

ಅವಳಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಅವನ ಮುಖ ಹಿಡಿದುಕೊಂಡಳು.

"ಬಾಯಿ ಬಂದದ್ದೇ ತಡ, ಅವನ ಕಡೆ ಸೇರ್ಕೊಂಡ್ರಾ?"

ಅವನು ಮತ್ತೆ ಪಾಪ ಎಂದ, ಈ ಸಲ ಕಣ್ಣಲ್ಲಿ ಹಳೇ ಕೀಟಲೆಯಿತ್ತು. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು ಮೇಜಿಗೆ ಮರಳಿ, ಮತ್ತೆ ಅಂಗೈ ಊರಿದಳು.

"ಒಂದು ಮಾತು ಕೊಟ್ಟಿದ್ದೀಯ, ನಮಸ್ಕಾರ ಕಣಪ್ಪ. ಮಿಕ್ಕಿದ್ದು ಬರೋವರೆಗೂ ನಿನ್ನ ಬಿಡಲ್ಲ."