ಎಲ್ಲಿಗೆಂದು ಕೇಳುವ ಮೊಬೈಲು

ನನ್ನ ಸೋದರಮಾವನ ಮೊಬೈಲು ವಾಸ ಮಾಡುವುದು ಕಡಲೆಬೇಳೆಯ ಪ್ಲಾಸ್ಟಿಕ್ ಕೊಟ್ಟೆಯೊಳಗೆ. ಬೇಳೆ ಡಬ್ಬಿಗೆ ಸೇರಿದ ಮೇಲೆ ಅತ್ತೆ ಆ ಕೊಟ್ಟೆಯನ್ನು ತೊಳೆದು, ತಂತಿಯ ಮೇಲೆ ಒಣಗಿಸಿ, ಮೊಬೈಲನ್ನು ಒಳಗಿಳಿಸಿ, ಬಾಯಿಗೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾಳೆ. ಮಾವ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ದೋಣಿ ಹತ್ತುತ್ತಾನೆ. ನೀರಿಗೆ ಬಿದ್ದರೂ ಕೆಡದ ಫೋನು ಎಂದು ದೊಡ್ಡ ದೊಡ್ಡವರು ಡಂಗುರ ಸಾರಿಕೊಂಡು ಮಾರುವ ಸಂಗತಿಯನ್ನು ನಮ್ಮ ಅತ್ತೆ ಹೊನ್ನಾವರದ ತನ್ನ ಅಡುಗೆಮನೆಯಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ಮುಗಿಸಿದ್ದಾಳೆ.

ಇಂಥ ಬುದ್ಧಿವಂತರ ನಡುವೆ ನನ್ನ ಉದ್ಯೋಗವೇನೆಂದು ಹೇಳಿಕೊಳ್ಳಲು ನನಗೆ ಕೊಂಚ ನಾಚಿಕೆ. ಮೊಬೈಲಿನ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಯಾವ ಪ್ರಶ್ನೆ ಯಾವಾಗ ಬರಬೇಕು, ಬಳಸುವವರಿಗೆ ತಲೆಬಿಸಿಯಾಗದಂತೆ ಕೆಲಸ ಹೇಗೆ ಮುಗಿಯಬೇಕು ಎಂದು ಯೋಚಿಸುವುದೇ ನನ್ನ ಹೊಟ್ಟೆಪಾಡು. ಬಳಕೆದಾರರ ಅನುಭವ ಎಂದು ಅದಕ್ಕೊಂದು ಘನವಾದ ಹೆಸರಿದೆ. ಅತ್ತೆ ಮಾತ್ರ ನನ್ನನ್ನು ತೋರಿಸಿ ನೆರೆಯವರಿಗೆ, "ನಮ್ಮ ತಂಗಿ ಮೊಬೈಲಿಗೆ ಬಣ್ಣ ಬಳೀತದೆ" ಎಂದು ಒಂದೇ ಮಾತಿನಲ್ಲಿ ವಿವರಿಸಿ ಕೈ ತೊಳೆದುಕೊಂಡಿದ್ದಾಳೆ.

ಕುಮಟೆಯ ಬಾಡಿಗೆ ಕೋಣೆಯೊಂದರಲ್ಲಿ ಕೂತು ನಾನು ಬಣ್ಣ ಬಳಿಯುತ್ತಿದ್ದದ್ದು ಸಣ್ಣ ದೋಣಿಯವರಿಗೆಂದೇ ತಯಾರಾದ ಒಂದು ಆ್ಯಪಿಗೆ. ದಡದಿಂದ ತುಸು ದೂರ ಹೋದರೆ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಯಾವ ಕಡೆಗೆ ಹೋಗುತ್ತಾರೆಂದು ಹೊರಡುವಾಗಲೇ ಕೇಳಿಟ್ಟುಕೊಂಡರೆ, ನಾಳೆ ದೋಣಿ ತಡವಾದಾಗ ಹುಡುಕುವವರಿಗೆ ದಿಕ್ಕು ತಿಳಿಯುತ್ತದೆ ಎಂಬುದು ಅದರ ಸರಳ ಉದ್ದೇಶ. ನಾನೇನು ಕಾಟಾಚಾರಕ್ಕೆ ಕೆಲಸ ಮಾಡಿದವಳಲ್ಲ. ಬಂದರಿನಲ್ಲಿ ಬಿಸಿಲಿಗೆ ನಿಂತು ಪರದೆಯ ಅಕ್ಷರ ಕಾಣುತ್ತದೋ ಇಲ್ಲವೋ ನೋಡಿದೆ. ಕೊಟ್ಟೆಯ ಮೇಲಿಂದ ಒತ್ತಿದರೂ ತಪ್ಪದಷ್ಟು ಗುಂಡಿಗಳನ್ನು ಹಿಗ್ಗಿಸಿದೆ. ಬಲೆ ಎಳೆದು ದಡ್ಡುಗಟ್ಟಿದ ಮಾವನ ಹೆಬ್ಬೆರಳನ್ನು ಅಳತೆಪಟ್ಟಿಯ ಪಕ್ಕ ಇರಿಸಿ ಅಳೆದೆ. ಬೆರಳನ್ನು ಇಷ್ಟು ಚೆನ್ನಾಗಿ ಬಲ್ಲವಳಿಗೆ ಮನುಷ್ಯನೂ ಗೊತ್ತಿರುತ್ತಾನೆ ಎಂಬ ಜಂಬ ನನಗೆ.

ಹೊರಡುವಾಗ ಮೊಬೈಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಲ್ಲಿಗೆ ಹೊರಟಿದ್ದೀರಿ?" ಅದರ ಕೆಳಗಿನ ಪೆಟ್ಟಿಗೆಯನ್ನು ಯಾರೂ ತುಂಬಲಿಲ್ಲ. ಅಕ್ಷರ ದಪ್ಪ ಮಾಡಿದೆ, ಬರೆಯಲು ಬೇಸರವಾದರೆ ಮಾತಾಡಿ ಎಂದು ಮೈಕಿನ ಚಿತ್ರ ಇಟ್ಟೆ. ಪೆಟ್ಟಿಗೆ ಖಾಲಿಯೇ ಉಳಿಯಿತು. ಮಂಗಳೂರಿನಲ್ಲಿದ್ದ ನಮ್ಮ ಮೇಲಧಿಕಾರಿ ಒಂದೇ ಏಟಿಗೆ ಪರಿಹಾರ ಹೇಳಿದರು: "ಕಡ್ಡಾಯ ಮಾಡಿ." ಪ್ರಶ್ನೆಯ ಪಕ್ಕ ಕೆಂಪು ನಕ್ಷತ್ರವೊಂದು ಬಂದು ಕೂತಿತು, ಉತ್ತರ ಕೊಡದೆ ಮುಂದಿನ ಪುಟ ತೆರೆಯದು. ದೋಣಿಯವರಿಗೆ ಸುಲಭವಾಗಲೆಂದು ಅಕ್ಷರಮಾಲೆಯ ಕ್ರಮದಲ್ಲಿ ಮೂರು ಹೆಸರುಗಳನ್ನೂ ಕೊಟ್ಟೆ: ಕುಮಟಾ, ಭಟ್ಕಳ, ಹೊನ್ನಾವರ.

ಮರುದಿನದಿಂದಲೇ ಪೆಟ್ಟಿಗೆ ತುಂಬತೊಡಗಿತು. ಹೊನ್ನಾವರದ ನಮ್ಮ ಬಂದರಿನ ದೋಣಿಗಳೆಲ್ಲ ಕುಮಟೆಯ ಕಡೆಗೇ ಹೋಗುತ್ತಿದ್ದವು, ದಿನವೂ ಹೋಗುತ್ತಿದ್ದವು, ಅರಬ್ಬೀ ಸಮುದ್ರದ ಮೀನುಗಳೆಲ್ಲ ಅಲ್ಲಿಯೇ ಸಭೆ ಸೇರಿದ್ದಾವೇನೋ ಎಂಬಂತೆ. ಇದರಲ್ಲೇನೋ ಎಡವಟ್ಟಿದೆ ಎಂದು ಯಾರಿಗಾದರೂ ಹೊಳೆಯಬೇಕಿತ್ತು, ನನಗೆ ಹೊಳೆಯಲಿಲ್ಲ. ಮೇಲಧಿಕಾರಿ ಶಹಬ್ಬಾಸ್ ಎಂದರು, ನಾನು ಉಬ್ಬಿದೆ.

ಆಮೇಲೊಂದು ದಿನ, ಮಧ್ಯಾಹ್ನದ ಊಟಕ್ಕೆ ಬರಬೇಕಿದ್ದ ಮಾವ ಮೂರು ಗಂಟೆಯಾದರೂ ಬರಲಿಲ್ಲ. ಫೋನು ಹೋಗುತ್ತಿರಲಿಲ್ಲ. ಅತ್ತೆ ಕರೆದಳೆಂದು ನಾನು ಬಸ್ಸು ಹಿಡಿದು ಹೊನ್ನಾವರದ ಬಂದರಿಗೆ ಓಡಿದೆ. ಹುಡುಕಲು ಹೊರಟವರಿಗೆ ಆ್ಯಪು ತೆರೆದು ತೋರಿಸಿದವಳೂ ನಾನೇ: "ಕುಮಟಾ ಅಂತಿದೆ ನೋಡಿ, ಬಡಗಕ್ಕೆ ಹೋಗಿ." ಎರಡು ದೋಣಿ ಬಡಗಕ್ಕೆ ಹೋದವು. ಮಾವ ಮಾತ್ರ ಎಂಜಿನ್ ಕೆಟ್ಟು, ತೆಂಕಿನಲ್ಲಿ, ನೇತ್ರಾಣಿ ನಡುಗಡ್ಡೆಯ ಆಚೆ ತೇಲುತ್ತಿದ್ದ. ಆ ದಾರಿಯಾಗಿ ಬರುತ್ತಿದ್ದ ಭಟ್ಕಳದ ಬೋಟಿನವರು ಹಗ್ಗ ಎಸೆದು ತಮ್ಮ ಬಂದರಿಗೆ ಎಳೆದುಕೊಂಡು ಹೋದರು. ಹೊತ್ತು ಮುಳುಗುವ ಮುನ್ನ ಅವರದೇ ಫೋನಿನಿಂದ ಮಾವ ಮಾತಾಡಿದ: "ಎಂತಾ ಆಗ್ಲಿಲ್ಲ ಮಾರಾಯ್ತಿ, ಈಗ ಭಟ್ಕಳದಲ್ಲಿದ್ದೆ." ಅತ್ತೆ ಅಲ್ಲೇ ಬಲೆಯ ರಾಶಿಯ ಮೇಲೆ ಕುಸಿದು ಕೂತಳು. ನನಗೆ ಕೂರಲೂ ಧೈರ್ಯವಿರಲಿಲ್ಲ. ಬೋಟಿನವರು ಆ ದಾರಿ ಹಿಡಿಯದೆ ಇದ್ದಿದ್ದರೆ, ಮಾವನನ್ನು ತಪ್ಪು ದಿಕ್ಕಿನಲ್ಲಿ ಹುಡುಕಿಸಿದವಳು ನಾನಾಗುತ್ತಿದ್ದೆ. ಇದನ್ನು ಯಾವ ಸಮಾಧಾನದ ಮಾತಿನಿಂದಲೂ ತೊಳೆಯಲಾಗುವುದಿಲ್ಲ.

ಮರುದಿನ ಮಾವನನ್ನು ಕೇಳಿದೆ, ಕುಮಟಾ ಎಂದು ಯಾಕೆ ಒತ್ತಿದೆಯೆಂದು.

"ಹೊರಡೂ ಹೊತ್ತಿಗೇ ಎಲ್ಲಿಗೆ, ಎಲ್ಲಿಗೆ ಅಂತ ಕೇಳ್ತದೆ ಅದು. ಮೊದ್ಲು ಎಂತ ಕಂಡ್ತೋ ಅದ್ನ ಒತ್ತಿ ಬಾಯಿ ಮುಚ್ಚಿಸ್ದೆ."

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. "ಹೊರಟವರ ಹತ್ರ ಎಲ್ಲಿಗೆ ಅಂತ ಕೇಳ್ತಾರಾ ತಂಗಿ? ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ನಿಮಗೂ ಗೊತ್ತಿದ್ದೀತು. ಚಪ್ಪಲಿ ಮೆಟ್ಟಿದವರನ್ನು ಎಲ್ಲಿಗೆಂದು ಕೇಳಬಾರದು, ಕೇಳಲೇಬೇಕೆಂದಿದ್ದರೆ "ದೂರವಾ?" ಎಂದಷ್ಟೇ ಕೇಳಿ ಸುಮ್ಮನಾಗಬೇಕು ಎಂದು ಅಮ್ಮ ನನ್ನ ತಲೆಗೆ ಮೊಟಕಿ ಕಲಿಸಿದ್ದಳು. ಇವತ್ತಿಗೂ ಬಾಯಿ ತಪ್ಪಿ ಯಾರನ್ನೂ ನಾನು ಹಾಗೆ ಕೇಳುವುದಿಲ್ಲ. ಆದರೆ ಪರದೆಯ ಮುಂದೆ ಕೂತೊಡನೆ, ಹುಟ್ಟಿದ ಊರನ್ನೇ ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡವಳಂತೆ, ನಾನು ಬಾಯಿಬಿಟ್ಟು ಕೇಳದ ಮಾತನ್ನು ಮೊಬೈಲಿನ ಬಾಯಿಂದ ಇಡೀ ಬಂದರಿಗೆ ಕೇಳಿಸಿದ್ದೆ. ತಿಳಿಯದೆ ಮಾಡಿದ್ದರೆ ಕಲಿತು ತಿದ್ದಿಕೊಳ್ಳಬಹುದಿತ್ತು. ತಿಳಿದದ್ದನ್ನೇ ಮರೆತದ್ದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಅಪಶಕುನ ನಿಜವೋ ಸುಳ್ಳೋ ಎಂಬ ವಾದಕ್ಕೆ ನಾನು ಬರುವುದಿಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ದಿನಕ್ಕೊಂದು ಕಡೆ ಗುಡ್ಡೆಯಾಗುತ್ತದೆ, ಅಲೆ ಅದರ ಮೇಲೆಯೇ ಒಡೆಯುತ್ತದೆ, ದೋಣಿಗಳು ಮಗುಚುವುದೂ ಅಲ್ಲಿಯೇ. ಅದನ್ನು ದಾಟಲು ಹೊರಟವನ ಮನಸ್ಸನ್ನು ಕಲಕುವ ಹಕ್ಕು ನನ್ನ ಕೆಂಪು ನಕ್ಷತ್ರಕ್ಕಿಲ್ಲ, ಅಷ್ಟೇ. ಪ್ರಶ್ನೆಯ ಅಕ್ಷರ, ಬಣ್ಣ, ಅಗಲಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ನಮಗೆ, ಪ್ರಶ್ನೆಗೂ ಒಂದು ಹೊತ್ತುಗೊತ್ತು ಇದೆ ಎಂಬುದು ಮರೆತೇ ಹೋಗಿರುತ್ತದೆ. ಬಲವಂತಕ್ಕೆ ಮನುಷ್ಯ ಕೊಡುವ ಉತ್ತರ ಕೇಳಿದವರ ಬಾಯಿ ಮುಚ್ಚಿಸಲು ಮಾತ್ರ ಸಾಕಾಗುತ್ತದೆ.

"ಹಂಗಾರೆ ಯಾವಾಗ ಕೇಳ್ಲಿ ಮಾವ?" ಎಂದೆ.

"ಅಳಿವೆ ದಾಟ್ಲಿ. ಆಮೇಲೆ ಎಂತ ಬೇಕಾರೂ ಕೇಳು. ಆದ್ರೆ ನಾ ಮೀನು ಹಿಡಿಯೂ ಜಾಗ ಊರಿಗೆಲ್ಲ ಹೇಳ್ಬೇಡ."

ಅಳಿವೆಯ ಆಚೆಗೂ ಒಂದಷ್ಟು ದೂರ ಸಿಗ್ನಲ್ ಇರುತ್ತದೆ. ದೋಣಿ ಅಳಿವೆ ದಾಟಿದ್ದು ಮೊಬೈಲಿಗೆ ತಾನಾಗಿ ತಿಳಿಯುತ್ತದೆ. ಹಾಗಾಗಿ ಹೊಸದಾಗಿ ಬರೆದೆ. ದಡದಲ್ಲಿ ಮೊಬೈಲು ತುಟಿ ಬಿಚ್ಚುವುದಿಲ್ಲ. ದಾಟಿದ ಮೇಲೆ, ತೆಂಕೋ, ಬಡಗೋ, ನೆಟ್ಟಗೋ ಎಂದಷ್ಟೇ ಕೇಳುತ್ತದೆ. ಉತ್ತರ ಮನೆಯ ಫೋನಿಗೆ ಮಾತ್ರ ಹೋಗುತ್ತದೆ. ದೋಣಿ ತಡವಾದರಷ್ಟೇ ಬಂದರಿನವರಿಗೆ ಕಾಣುತ್ತದೆ. ನಕ್ಷತ್ರವನ್ನು ಕಿತ್ತು ಹಾಕಿದೆ.

ಮೇಲಧಿಕಾರಿ ಒಪ್ಪಲಿಲ್ಲ. ತುಂಬಿ ತುಳುಕುವ ಪೆಟ್ಟಿಗೆಯನ್ನು ಕೈಯಾರೆ ಖಾಲಿ ಮಾಡುತ್ತೀರಾ ಎಂದು ಕೇಳಿದರು. ಪೆಟ್ಟಿಗೆ ಖಾಲಿಯಿದ್ದರೆ ಹುಡುಕುವವರು ಎರಡೂ ಕಡೆ ಹೋಗುತ್ತಾರೆ, ಸುಳ್ಳು ತುಂಬಿದ್ದರೆ ಒಂದೇ ಕಡೆ ಹೋಗುತ್ತಾರೆ ಎಂದೆ. ನಕ್ಷತ್ರ ಬೇಕೇ ಬೇಕೆಂದಾದರೆ ಬೇರೆಯವರ ಕೈಯಲ್ಲಿ ಬರೆಸಿ, ನಾನು ಬರೆಯುವುದಿಲ್ಲ ಎಂದೂ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೇ ಹೇಳಿದ್ದು. ಕೊನೆಗೆ ಅವರು, ಒಂದು ತಿಂಗಳು ನೋಡೋಣ ಎಂದರು.

ಮೊದಲ ವಾರ ಎಲ್ಲ ಪೆಟ್ಟಿಗೆಗಳೂ ಖಾಲಿ. ದಿನವೂ ಮಂಗಳೂರಿನಿಂದ ಫೋನು. ಇರಲಿ, ಕಾಯುತ್ತೇನೆ ಎಂದೆ. ಕಾಯುವುದನ್ನು ಈ ದಡದ ಹೆಂಗಸರು ನನಗಿಂತ ಚೆನ್ನಾಗಿ ಕಲಿತಿದ್ದಾರೆ, ಅವರಿಂದ ಅಷ್ಟಾದರೂ ಕಲಿಯಬೇಡವೇ?

ಎರಡನೇ ವಾರದ ಒಂದು ಬೆಳಿಗ್ಗೆ ನಾನು ಹೊನ್ನಾವರದಲ್ಲಿದ್ದೆ. ಅತ್ತೆ ಮನೆಯ ಹಿಂದಿನ ಮರಳಿನಲ್ಲಿ ಒಣಮೀನು ಹರಡುತ್ತಿದ್ದಳು, ಎದುರಿಗೆ ಸಮುದ್ರ. ಅವಳ ಸೊಂಟದಲ್ಲಿದ್ದ ಮೊಬೈಲು ಸದ್ದು ಮಾಡಿತು. ಕೈಯನ್ನು ಸೀರೆಗೆ ಒರೆಸಿಕೊಂಡು, ಅಕ್ಷರ ಅಕ್ಷರ ಕೂಡಿಸಿ ಓದಿದಳು: "ಅಳಿವೆ ದಾಟಿದೆ. ತೆಂಕು."

ಮದುವೆಯಾದ ಮೂವತ್ತು ವರ್ಷಗಳಲ್ಲಿ ಎಲ್ಲಿಗೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ, ಅವನು ಹೇಳಿರಲೂ ಇಲ್ಲ. ಅತ್ತೆ ನಿಧಾನಕ್ಕೆ ಎಡಕ್ಕೆ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಭಟ್ಕಳದ ದಿಕ್ಕಿಗೆ ನೋಡುತ್ತ ನಿಂತಳು. ಏನೂ ಕಾಣುತ್ತಿರಲಿಲ್ಲ.

"ಹಂಗಾರೆ ಇಷ್ಟು ವರ್ಷ ನಾನು ಸುಮ್ನೆ ನೆಟ್ಟಗೆ ನೋಡ್ತಾ ನಿಲ್ತಿದ್ನಾ?" ಎಂದಳು.