ಮೌಶಿಯ ಹಾಂಗ್‌ಕಾಂಗ್ ಪ್ರಸ್ಥಾನ

ಕೆಂಪು ಬಾಳೆಹಣ್ಣು ಸರಿಯಾಗಿ ಮಾಗಿದಾಗ ಒಂದು ವಾಸನೆ ಬರುತ್ತದೆ. ಸಿಹಿ ಹೌದು, ಆದರೆ ಅದರ ಹಿಂದೆ ಒಣಹುಲ್ಲಿನದು, ತುಸು ಹೊಗೆಯದು, ಮುಚ್ಚಿಟ್ಟ ಕೋಣೆಯದು ಸೇರಿಕೊಂಡಿರುತ್ತದೆ. ಕಮಲಾಪುರದಲ್ಲಿ ಹುಟ್ಟಿದ ನನಗೆ ಅದು ತವರಿನ ವಾಸನೆ ಆಗಬೇಕಿತ್ತು. ಆಗುವುದಿಲ್ಲ. ಮೊನ್ನೆ ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣು ಮಾರುವವಳೊಬ್ಬಳು ಬುಟ್ಟಿಯ ಮೇಲಿನ ಗೋಣಿತಟ್ಟು ಸರಿಸಿದಳು, ಆ ವಾಸನೆ ಬಂತು, ನನಗೆ ಹಾಂಗ್‌ಕಾಂಗ್ ನೆನಪಾಯಿತು. ನಾನು ಹಾಂಗ್‌ಕಾಂಗ್ ನೋಡಿದವಳಲ್ಲ. ಆದರೂ ಆ ಊರಿನಲ್ಲಿ ಒಂದು ವಾರ ಹೇಗೆ ಕಳೆಯಬೇಕು ಎಂದು ಯಾರಾದರೂ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಅದೆಲ್ಲ ಎದುರು ಮನೆಯ ಮೌಶಿ ಕಲಿಸಿದ್ದು...

ಇಪ್ಪತ್ತು ವರ್ಷಕ್ಕೂ ಹಿಂದೆ ನಾವು ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆಗೆ ಇದ್ದೆವು. ನಾನು ಹತ್ತಿರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಎದುರು ಮನೆ ಮರಾಠಿ, ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಮಾತಾಡುವ ವೈಷ್ಣವರದು. ಆ ಮನೆಯ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ತಂಗಿಯನ್ನು ಮೌಶಿ ಎನ್ನುತ್ತಿದ್ದೆ. ಅಣ್ಣ ಚಿಕ್ಕಪ್ಪನಾದರೆ ತಂಗಿ ಚಿಕ್ಕಮ್ಮ ಹೇಗಾಗುತ್ತಾಳೆ, ಸೋದರತ್ತೆ ಆಗಬೇಕು, ಆತ್ಯಾ ಅನ್ನಬೇಕು ಎಂದು ಕಾಕಾ ನನ್ನನ್ನು ತಿದ್ದುತ್ತಿದ್ದರು. ಮೌಶಿ ಒಪ್ಪಲಿಲ್ಲ. “ಮೌಶೀನೇ ಅನ್ಲಿ ಬಿಡಣ್ಣಾ. ಆತ್ಯಾ ಅಂದ್ರ ಏನರೆ ಕೆಲಸ ಹೇಳಾಕತ್ತಾರ ಅನಸ್ತದ” ಎಂದು ನಕ್ಕಿದ್ದರು.

ಮೌಶಿ ಮದುವೆಯಾಗಿರಲಿಲ್ಲ. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಇಡೀ ನೌಕರಿ ಕಳೆದವರು. ಪರ ಊರಿಗೆ ಫೋನ್ ಮಾಡಬೇಕೆಂದರೆ ಬುಕ್ ಮಾಡಿ ಕಾಯಬೇಕಿದ್ದ ಕಾಲ ಅದು. ಎರಡು ಊರುಗಳ ನಡುವೆ ಕೂತು ದನಿಗೆ ದನಿ ಜೋಡಿಸಿಕೊಡುವುದು ಅವರ ಕೆಲಸ. ಊರಿನ ಬಟ್ಟೆ ವ್ಯಾಪಾರಿಯೊಬ್ಬರ ತಮ್ಮ ಹಾಂಗ್‌ಕಾಂಗಿನಲ್ಲಿ ಅಂಗಡಿ ಇಟ್ಟಿದ್ದ. ಆ ಕಾಲ್ ಮುಂಬಯಿ ದಾಟಿ, ಎಷ್ಟೋ ಹೊತ್ತು ಬರೀ ಸಮುದ್ರದಂಥ ಸದ್ದು ಮಾಡಿ, ಕೊನೆಗೆ ಸಿಗುತ್ತಿತ್ತಂತೆ. ಲೈನ್ ಸರಿಯಾಗಿದೆಯೇ ಎಂದು ಒಂದು ಕ್ಷಣ ಕಿವಿಗೊಟ್ಟಾಗ ಆ ತಮ್ಮನ ದನಿಯ ಹಿಂದೆ ಟಿಣ್ ಟಿಣ್ ಎಂದು ಗಂಟೆ ಕೇಳಿಸುತ್ತಿತ್ತು. ಗುಡಿಯೋ ಶಾಲೆಯೋ ಎಂದು ಮೌಶಿ ಬಹಳ ದಿನ ಯೋಚಿಸಿದ್ದರು. ಒಮ್ಮೆ ವ್ಯಾಪಾರಿಯನ್ನೇ ಕೇಳಿಬಿಟ್ಟರು. ಅದು ಟ್ರಾಮ್ ಅಂತೆ, ಎರಡು ಅಂತಸ್ತಿನದು, ಅಂಗಡಿಯ ಮುಂದೆಯೇ ಹಾಯುತ್ತದಂತೆ. ಅಂದಿನಿಂದ ಮೌಶಿಯ ತಲೆಯಲ್ಲಿ ಆ ಟ್ರಾಮ್ ಓಡುತ್ತಲೇ ಇತ್ತು...

ಅವರು ಊರು ಬಿಟ್ಟು ಹೋದವರೇ ಅಲ್ಲ ಎಂದಲ್ಲ. ಪುಣೆ, ಸೊಲ್ಲಾಪುರ, ಹೈದರಾಬಾದ್ ಎಲ್ಲ ಕಂಡಿದ್ದರು. ಆದರೆ ಒಬ್ಬರ ಬಾಣಂತನ, ಇನ್ನೊಬ್ಬರ ಆಪರೇಷನ್, ಮತ್ತೊಬ್ಬರ ತಿಥಿ. ಹೋದ ಊರಲ್ಲೆಲ್ಲ ಅಡುಗೆಮನೆಯೇ ಗತಿ. ಕಲಬುರಗಿಯಲ್ಲಿ ಡ್ಯೂಟಿ ಮುಗಿಸಿ ಬಂದರೆ ಮನೆಯ ಡ್ಯೂಟಿ ಶುರುವಾಗುತ್ತಿತ್ತು. ಅವರ ವೈನಿಗೆ, ಎಂದರೆ ಅತ್ತಿಗೆಗೆ, ಮಂಡಿನೋವು, ಕಾಕಾನಿಗೆ ಬಿಸಿಬಿಸಿ ಚಪಾತಿ. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ರೂಢಿಯಾಗಿತ್ತು, ಅಷ್ಟೇ.

ರಿಟೈರ್ ಆಗಿ ಕೆಲವು ವರ್ಷಗಳಾದ ಮೇಲೆ ಒಂದು ದಿನ ಮೌಶಿ ಸ್ಟೇಷನ್ ರಸ್ತೆಯ ಟ್ರಾವೆಲ್ಸ್ ಅಂಗಡಿಯಿಂದ ಬಣ್ಣದ ಪುಸ್ತಿಕೆಯೊಂದನ್ನು ತಂದರು. ಮುಂಬಯಿಯಿಂದ ವಿಮಾನ, ಹಾಂಗ್‌ಕಾಂಗಿನಲ್ಲಿ ಒಂದು ವಾರ, ಜೊತೆಗೆ ಗುಂಪು, ಗುಂಪಿಗೊಬ್ಬ ಶಾಕಾಹಾರಿ ಅಡುಗೆಯವ. ಕಾಕಾ ಪುಸ್ತಿಕೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು.

“ಅಲ್ಲಿ ಯಾರಿದ್ದಾರ?” ಎಂದು ಕೇಳಿದರು.

ನಮ್ಮ ಕಡೆ ಇದು ಸಹಜವಾದ ಪ್ರಶ್ನೆ. ಯಾರಾದರೂ ಇದ್ದರಷ್ಟೇ ಒಂದು ಊರಿಗೆ ಹೋಗುವುದು.

“ಯಾರೂ ಇಲ್ಲಣ್ಣಾ. ಅದಕ್ಕ ಹೊಂಟೀನಿ” ಎಂದರು ಮೌಶಿ.

ಕಾಕಾ ಪುಸ್ತಿಕೆಯನ್ನು ಮಡಚಿ ಅವರ ಕೈಗೇ ಕೊಟ್ಟರು. ಬೇಡ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ.

ಸಂಜೆ ಕರೆಂಟು ಹೋದಾಗ ಮೌಶಿ ರಸ್ತೆ ದಾಟಿ ನಮ್ಮ ಕಟ್ಟೆಗೆ ಬರುತ್ತಿದ್ದರು. ಕತ್ತಲಲ್ಲಿ ನಾವಿಬ್ಬರೂ ಹಾಂಗ್‌ಕಾಂಗಿನ ವಾರವನ್ನು ದಿನಗಳಿಗೆ ಹಂಚುತ್ತಿದ್ದೆವು. ಮೊದಲನೇ ದಿನ ಬರೀ ಕಿಟಕಿ. ಹೋಟೆಲಿನ ಎತ್ತರದ ಕೋಣೆಯ ಕಿಟಕಿಯಲ್ಲಿ ನಿಂತು ದೀಪ ನೋಡುವುದು, ಮತ್ತೇನಿಲ್ಲ. ಮರುದಿನ ಹಡಗು. ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ, ಬೇಸರವಾಗುವ ತನಕ. ಆಮೇಲೆ ಟ್ರಾಮ್, ಮೇಲಂತಸ್ತು, ಎಲ್ಲಕ್ಕಿಂತ ಮುಂದಿನ ಸೀಟು. “ಬಜಾರ ಗಿಜಾರ ಗುಂಪಿನವರು ಮಾಡ್ಲಿ. ನಾ ತಪ್ಪಿಸ್ಕೊಂಡು ಟ್ರಾಮ್ ಹತ್ತತೇನಿ” ಎನ್ನುತ್ತಿದ್ದರು. ಮೆಂತ್ಯಹಿಟ್ಟು, ಅವಲಕ್ಕಿ ಎಷ್ಟು ಒಯ್ಯಬೇಕು ಎಂಬ ಚರ್ಚೆಯಾಗುತ್ತಿತ್ತು. ಏಕಾದಶಿಯದು ಬೇರೆಯೇ ತಕರಾರು. ಅಲ್ಲಿ ಸೂರ್ಯ ಮೊದಲೇ ಹುಟ್ಟುತ್ತಾನೆ, ಹಾಗಾದರೆ ಏಕಾದಶಿ ಹಿಡಿಯುವುದು ಇಲ್ಲಿಯ ಪಂಚಾಂಗಕ್ಕೋ ಅಲ್ಲಿಯ ಸೂರ್ಯನಿಗೋ? ಕಾಕಾ ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಏಕಾದಶಿಯೇ ಬಾರದ ವಾರವನ್ನು ಹುಡುಕಿಕೊಟ್ಟರು. ಆಗ ನನಗೆ ಅವರ ಮೇಲೆ ಪ್ರೀತಿ ಬಂತು.

ವಾರ ಗೊತ್ತಾಯಿತು, ಆದರೆ ಹೊರಡುವ ದಿನ ಚೆನ್ನಾಗಿರಲಿಲ್ಲ. ಶುಕ್ರವಾರ ಪಡುವಲಿಗೆ ಹೊರಡಬಾರದಂತೆ, ಮುಂಬಯಿ ರೈಲು ಹೋಗುವುದು ಪಡುವಲಿಗೇ. ಇಂಥದ್ದಕ್ಕೆ ಅವರಲ್ಲಿ ಒಂದು ಉಪಾಯವಿದೆ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಒಳ್ಳೆಯ ದಿನ ನೋಡಿ, ರವಿಕೆಯ ಖಣದಲ್ಲಿ ಅಕ್ಕಿ, ಅಡಿಕೆ, ಅರಿಶಿಣ ಕೊಂಬು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಆಯಿತು. ಅಂದೇ ಹೊರಟಂತೆ ಲೆಕ್ಕ. ಆಮೇಲೆ ಯಾವ ದಿನ ರೈಲು ಹತ್ತಿದರೂ ದೋಷವಿಲ್ಲ. ಆದರೆ ಗಂಟು ಯಾವ ದಿಕ್ಕಿಗೆ ಹೋಗಬೇಕು? ಸ್ಟೇಷನ್ ಕಡೆ ಎಂದರು ಕಾಕಾ.

“ನಾ ಸ್ಟೇಷನ್ನಿಗೆ ಹೊಂಟಿಲ್ಲ. ಹಾಂಗ್‌ಕಾಂಗಿಗೆ ಹೊಂಟೀನಿ. ಅದು ಮೂಡಲಕ್ಕ ಅದ” ಎಂದರು ಮೌಶಿ.

ನನ್ನ ಶಾಲೆಯ ಅಟ್ಲಾಸು ಬಂತು, ಸ್ಕೇಲು ಬಂತು. ಗೆರೆ ಮೂಡಲಿಗೆ ಹೋಗಿ ತುಸು ಬಡಗಲಿಗೆ ವಾಲಿತು. ಆ ಕಡೆ ನಮಗೆ ಗುರುತಿನ ಮನೆ ಎಂದರೆ ಒಂದೇ, ಕಮಲಾಪುರದ ನನ್ನ ತವರು. ಪಂಚಾಂಗದಲ್ಲಿ ಸಿಕ್ಕ ಒಳ್ಳೆಯ ದಿನ ಬಹಳ ಮುಂಚಿನದು. ಪ್ರಸ್ಥಾನಕ್ಕೂ ಇಷ್ಟೇ ದಿನ ಎಂಬ ಮಿತಿ ಇದೆ ಎಂದು ಕಾಕಾ ಗೊಣಗಿದರು. “ದೂರದ ಊರಿಗೆ ದೂರದ ಪ್ರಸ್ಥಾನ” ಎಂದು ಮೌಶಿ ನನ್ನನ್ನು ಎಬ್ಬಿಸಿಕೊಂಡು ಬಸ್ ಹತ್ತಿದರು. ಹಸಿರು ಖಣದ ಗಂಟನ್ನು ನನ್ನ ಅವ್ವ ಬಾಳೆಹಣ್ಣು ಮಾಗಲು ಹಾಕುವ ಕೋಣೆಯಲ್ಲಿ, ಗೋಡೆಯ ಮಾಡದಲ್ಲಿ ಇಟ್ಟಳು. ಜತನವಾಗಿ ಇಡು ಎಂದೆ. ಪ್ರಸ್ಥಾನ ಎಂಬುದು ನಮ್ಮ ಪೈಕಿ ಇಲ್ಲ. ಅದೇನೆಂದು ಅವ್ವ ಕೇಳಲಿಲ್ಲ.

ಆ ಮೇಲಿನ ದಿನಗಳ ಮೌಶಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಅವರು ಹೊರಟಾಗಿತ್ತಲ್ಲ. ವೈನಿ ಅಡುಗೆಮನೆಯಿಂದ ಕೂಗಿದರೆ, “ವೈನಿ, ನಾ ಮನ್ಯಾಗಿಲ್ಲ. ಪ್ರಯಾಣದಾಗ ಇದ್ದೇನಿ” ಎಂದು ಉತ್ತರ ಬರುತ್ತಿತ್ತು. ಕೈ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಹಿಟ್ಟು ನಾದುತ್ತ, ಪಾತ್ರೆ ಒರೆಸುತ್ತ, ಅವರ ಕಣ್ಣು ಎಲ್ಲೋ ಇರುತ್ತಿತ್ತು. ಒಮ್ಮೆ ನಮ್ಮ ಗೇಟಿನ ಮುಂದೆ ಐಸ್ ಮಾರುವವನು ಗಂಟೆ ಬಾರಿಸುತ್ತ ಹೋದ. ಮೌಶಿ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು, ಅವನು ಓಣಿ ತಿರುಗುವ ತನಕ ನೋಡುತ್ತ ನಿಂತಿದ್ದರು...

ಅಷ್ಟರಲ್ಲಿ ಟಿವಿಯಲ್ಲಿ ಹಾಂಗ್‌ಕಾಂಗ್ ಬರತೊಡಗಿತು. ನಾವು ನೋಡಬೇಕೆಂದಿದ್ದ ಬೀದಿಗಳೇ, ಆದರೆ ಎಲ್ಲರ ಮೂಗು ಬಾಯಿಗೆ ಬಿಳಿ ಬಟ್ಟೆ. ಯಾವುದೋ ಹೊಸ ಜ್ವರ, ಉಸಿರು ಕಟ್ಟಿ ಜನ ಸಾಯುತ್ತಿದ್ದಾರೆ ಎಂದರು. ಮೌಶಿ ಟಿವಿಯ ಹತ್ತಿರ ಹೋಗಿ ನಿಂತಿದ್ದರು. “ಟ್ರಾಮ್ ಖಾಲಿ ಹೊಂಟಾವ ನೋಡು. ಮುಂದಿನ ಸೀಟು ಖಾಲಿ ಅದ” ಎಂದರು. ಮಾರನೇ ದಿನ ಟ್ರಾವೆಲ್ಸಿನವನು ಪ್ರವಾಸ ರದ್ದಾಗಿದೆ ಎಂದು ಫೋನ್ ಮಾಡಿದ.

ಕಾಕಾ ಮೆತ್ತಗೆಯೇ ಹೇಳಿದರು, “ಪ್ರಸ್ಥಾನ ತಂದುಬಿಡು. ಹೊರಟವರು ಹೊರಗೇ ಉಳೀಬಾರದು.”

ಗಂಟು ಮನೆಗೆ ಬಂದರೆ ಪ್ರಯಾಣ ಮುಗಿದಂತೆ. ಮೌಶಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಬಿಸಿಲು ಏರುವ ಮೊದಲು ಕಮಲಾಪುರದ ಬಸ್ ಹಿಡಿದೆವು.

ಗಂಟು ಕೇಳಿದಾಗ ಅವ್ವ ನಮ್ಮಿಬ್ಬರ ಮುಖ ನೋಡಿದಳು. “ಅದು ಈಗ ಎಲ್ಲದರಿ? ಹ್ವಾದ ವಾರ ಬಾಜೂ ಮನಿ ಹುಡುಗಿ ಗಂಡನ ಮನಿಗಿ ಹೊಂಟಿದ್ಳು. ಬಸುರಿ ಹೆಣಮಗಳು, ಬರಿಗೈಲೆ ಹ್ಯಾಂಗ ಕಳಸ್ಲಿ? ಖಣ, ಅಕ್ಕಿ, ಅಡಿಕಿ, ಅರಿಶಿಣ ಕೊಂಬು, ಎಲ್ಲಾ ಕೂಡಿಸಿ ಕಟ್ಟಿಟ್ಟಿದ್ದು ಕಾಣ್ತು. ಉಡಿ ಸಾಮಾನ ಅಂತ ತಿಳಕೊಂಡು ಉಡಿ ತುಂಬಿ ಕಳಸೀನಿ.”

ಅವ್ವನದು ತಪ್ಪಲ್ಲ. ಉಡಿ, ಎಂದರೆ ಮಡಿಲು, ತುಂಬಲು ಬೇಕಾದದ್ದೂ ಅವೇ ಸಾಮಾನು. ಮೌಶಿ ನಿಧಾನವಾಗಿ ಕೇಳಿದರು, “ಅಕಿ ಗಂಡನ ಮನಿ ಯಾವ ಊರರಿ?”

“ಜಹೀರಾಬಾದರಿ. ಹುಮನಾಬಾದ ದಾಟಿ ಹೋಗಬೇಕು.”

“ಮೂಡಲಕ್ಕೇ ಹೋಗೇದ” ಎಂದು ಮೌಶಿ ಹಗ್ಗದ ಹೊರಸಿನ ಮೇಲೆ ಕೂತು ನಗತೊಡಗಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ಅದು ನಗುವೋ ಅಲ್ಲವೋ ನನಗೆ ತಿಳಿಯಲಿಲ್ಲ. ಅವ್ವ ನೀರು ತಂದುಕೊಟ್ಟಳು.

“ಗಂಟು ಮುಂದ ಹೋತು. ನಾ ಹ್ಯಾಂಗ ಹಿಂದ ಹೋಗ್ಲಿ?” ಎಂದರು ಮೌಶಿ. ನೀರು ಕುಡಿದು, ಬಹಳ ಸಂಕೋಚದಿಂದ ಅವ್ವನನ್ನು ಕೇಳಿದರು, “ಅಕ್ಕಾರ, ಒಂದು ವಾರ ಇಲ್ಲೇ ಇರ್ಲೇನ್ರಿ?”

“ಅದ ಏನ್ ಕೇಳ್ತೀರಿ, ಇರ್ರಿ” ಎಂದಳು ಅವ್ವ.

ನಮ್ಮ ಮನೆಯಲ್ಲಿ ಮೌಶಿ ಅಲ್ಲಿಯವರೆಗೆ ಚಹಾ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಅಂದು ಅವ್ವ ಉಳ್ಳಾಗಡ್ಡಿ ಹಾಕದೆ ಮಾಡಿದ ಬೇಳೆ, ರೊಟ್ಟಿ ಉಂಡರು. ಪ್ರಯಾಣದಲ್ಲಿ ಇರುವವರಿಗೆ ಮಡಿ ಇಲ್ಲವಂತೆ. ನನಗೆ ಶಾಲೆಯ ಪರೀಕ್ಷೆಗಳಿದ್ದವು, ಸಂಜೆಯೇ ಮರಳಿದೆ. ಮೌಶಿ ಕಮಲಾಪುರದಲ್ಲಿ ಒಂದು ವಾರ ಇರುತ್ತಾರೆ ಎಂದಾಗ ಕಾಕಾ ರೂಢಿಯಂತೆ “ಅಲ್ಲಿ ಯಾರಿದ್ದಾರ?” ಎಂದು ಬಾಯಿ ತೆರೆದರು, ಅರ್ಧಕ್ಕೇ ಬಿಟ್ಟು ಒಳಗೆ ಹೋದರು.

ಆ ವಾರದ ಸುದ್ದಿಯೆಲ್ಲ ಅವ್ವ ನನಗೆ ಹೇಳಿದ್ದು. ಮರುದಿನ ಬೆಳಗ್ಗೆ ಎದ್ದ ಕೂಡಲೇ ಮೌಶಿ ಕಸಬರಿಗೆಗೆ ಕೈ ಹಾಕಿದರಂತೆ. ಅವ್ವ ಕಸಿದುಕೊಂಡಳಂತೆ. “ಊರು ನೋಡಾಕ ಬಂದೀರಿ, ಸುಮ್ಮ ಕೂಡ್ರಿ” ಎಂದು ಹೊರಸನ್ನು ಬೇವಿನ ಗಿಡದ ಕೆಳಗೆ ಹಾಕಿಕೊಟ್ಟಳಂತೆ. ಅಲ್ಲಿಂದ ಮುಂದೆ ಮೌಶಿ ಕೂತರು. ನೆರಳು ಸರಿದಂತೆ ಅವ್ವ ಹೊರಸು ಸರಿಸುತ್ತಿದ್ದಳು. ಕೂತಲ್ಲೇ ಚಹಾ, ಕೂತಲ್ಲೇ ಊಟ. ಎದುರಿಗೆ ಹುಮನಾಬಾದ್ ರಸ್ತೆ, ಅದರ ಮೇಲೆ ಬಾಳೆಗೊನೆ ತುಂಬಿದ ಲಾರಿಗಳು. ಏನು ನೋಡುತ್ತೀರಿ ಎಂದು ಅವ್ವ ಕೇಳಿದರೆ “ಹಡಗ ನೋಡ್ತೇನ್ರಿ” ಎಂದರಂತೆ. ಬಿಸಿಲು ತಲೆಗೇರಿದೆ ಎಂದು ಅವ್ವ ಮಜ್ಜಿಗೆ ಕೊಟ್ಟಳಂತೆ. ಸಂಜೆ ಹಣ್ಣಿನ ಕೋಣೆಯ ಬಾಗಿಲು ತೆರೆದಿಟ್ಟು, ಆ ವಾಸನೆಯಲ್ಲಿ, ಇಬ್ಬರೂ ಕೂತಿರುತ್ತಿದ್ದರಂತೆ...

ವಾರ ಮುಗಿದು ನಾನು ಕರೆಯಲು ಹೋದಾಗ ಮೌಶಿಯ ಮುಖ ಬೇರೆಯೇ ಆಗಿತ್ತು. ಏನೋ ತೊಳೆದು ಹೋದಂತೆ ಹಗುರವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೂತರು. ಕಲಬುರಗಿ ಹತ್ತಿರ ಬಂದಾಗ ಅವರೇ ಮಾತಾಡಿದರು.

“ಭಾಳ ಚೊಲೋ ಇತ್ತವಾ. ಆದ್ರ ಇದು ಅದಲ್ಲ ನೋಡು.”

ಹೌದು ಮೌಶಿ ಎಂದೆ. ಹೌದಲ್ಲವೇ ಮತ್ತೆ? ಮುಂದಿನ ವರ್ಷ ಹೋಗೋಣ, ಬೇಕಾದರೆ ನಾನೂ ಬರುತ್ತೇನೆ ಎಂದು ಕೈ ಹಿಡಿದುಕೊಂಡೆ. ಮನಸ್ಸಿನಿಂದಲೇ ಹೇಳಿದ್ದೆ. ನಮ್ಮ ಕಟ್ಟೆಯ ಮೇಲೆ ಯೋಜನೆ ಮತ್ತೆ ಮೊದಲಿನಿಂದ ಶುರುವಾಗಿತ್ತು.

ಮುಂದಿನ ವರ್ಷಕ್ಕೆ ಮೌಶಿ ಇರಲಿಲ್ಲ. ಚಳಿಗಾಲದ ಒಂದು ಬೆಳಗ್ಗೆ, ಒಲೆಯ ಮುಂದೆ ನಿಂತಿದ್ದಾಗಲೇ, ಎದೆಬಡಿತ ನಿಂತುಹೋಯಿತು. ಹಾಲು ಉಕ್ಕುತ್ತಿದ್ದ ವಾಸನೆಗೆ ವೈನಿ ಬಂದು ನೋಡಿದರಂತೆ...

ಕರ್ಮಾದಿಗಳೆಲ್ಲ ಮುಗಿದ ಮೇಲೆ ಕಾಕಾ ಒಂದು ಸಂಜೆ ನಮ್ಮ ಮನೆಗೆ ಬಂದರು. ಹಾಗೆ ಬಂದವರೇ ಅಲ್ಲ. ಕಟ್ಟೆಯ ಮೇಲೆ ಕೂತರು.

“ನಿಮ್ಮ ಅವ್ವನ ಊರಾಗ ಒಂದು ವಾರ ಇದ್ಲಲ್ಲ” ಎಂದರು. “ಏನ್ ಮಾಡಿದ್ಲು ಅಲ್ಲೆ?”

“ಏನೂ ಮಾಡಲಿಲ್ರಿ ಕಾಕಾ. ಕೂತಿದ್ರು.”

“ಕೂತಿದ್ಲು?”

“ಹೂಂರಿ. ದಿನಾ ಗಿಡದ ಕೆಳಗ ಹೊರಸಿನ ಮ್ಯಾಲ ಕೂತಿದ್ರಂತ.”

ಕಾಕಾ ತಲೆ ಆಡಿಸಿದರು. ಧೋತರದ ಚುಂಗಿನಿಂದ ಕನ್ನಡಕ ಒರೆಸಿದರು, ಹಾಕಿಕೊಳ್ಳಲಿಲ್ಲ. “ನಮ್ಮ ಮನ್ಯಾಗ ಅಕಿ ಕೂತದ್ದು ನನಗ ನೆನಪಿಲ್ಲವಾ” ಎಂದರು. ಅಷ್ಟು ಹೇಳಿ ಎದ್ದು ರಸ್ತೆ ದಾಟಿ ಹೋದರು.

ಕಾಕಾ, ವೈನಿ ಇಬ್ಬರೂ ಈಗಿಲ್ಲ. ನನ್ನ ಅವ್ವನೂ ಇಲ್ಲ. ಮೌಶಿಗೆ ಆಗ ಇದ್ದ ವಯಸ್ಸು ಈಗ ನನಗೆ ಬಂದಿದೆ, ಅವರಿಲ್ಲದ ಬೇಸರ ಮಾತ್ರ ಹಳತಾಗಿಲ್ಲ. ಕಾಲೋನಿಯ ಆ ಮನೆ ಒಬ್ಬ ಡಾಕ್ಟರರ ದವಾಖಾನೆಯಾಗಿದೆ. ಮೊನ್ನೆ ಆ ದಾರಿಯಲ್ಲಿ ಹೋದಾಗ ಗೇಟಿನಲ್ಲಿ ನಿಂತು ನೋಡಿದೆ. ಪಡಸಾಲೆಯ ಉದ್ದಕ್ಕೂ ಬೆಂಚು ಹಾಕಿದ್ದಾರೆ, ಅಡುಗೆಮನೆ ಇದ್ದ ಕಡೆಯೂ ಕುರ್ಚಿಗಳಿವೆ. ದಿನವಿಡೀ ಆ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತಿರುತ್ತಾರೆ. ಮೌಶಿ ಒಬ್ಬರಿಲ್ಲ.