ಅತ್ತೆಯೇ ಉತ್ತರ ಹೇಳಿದ ರೋಗಿ

ಕೋವಿಡ್ ಎರಡನೇ ಅಲೆ ಮುಗಿದ ಮರುವರ್ಷ. ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆಗೆ ಹೋಗುವ ರಸ್ತೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದೆ. ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿತ್ತು. ಊರಿನ ಹೆಸರು ಬರೆಯುವುದಿಲ್ಲ. ಆ ಹುಡುಗಿಯ ಹೆಸರನ್ನೂ ಬದಲಿಸಿ ಇಲ್ಲಿ ಸುಮತಿ ಎಂದಿದ್ದೇನೆ. ಮುಚ್ಚಿಡಬೇಕಾದದ್ದು ಇಷ್ಟೇ. ಉಳಿದದ್ದನ್ನು ಮುಚ್ಚಿಟ್ಟರೆ ಅನುಕೂಲವಾಗುವುದು ನಮ್ಮಂಥ ನೌಕರರಿಗೆ ಮಾತ್ರ.

ಸುಮತಿಗೆ ಇಪ್ಪತ್ತು ವರ್ಷವಿರಬಹುದು. ಅತ್ತೆ ಜಯಮ್ಮನ ಜೊತೆ ಹೊರರೋಗಿ ವಿಭಾಗಕ್ಕೆ ಬಂದಿದ್ದಳು. ನಾನು ಅವಳನ್ನು ಕೇಳಿದರೆ ಜಯಮ್ಮ ಉತ್ತರ ಕೊಡುತ್ತಿದ್ದರು.

"ಅವ್ಳು ಒರಿಸ್ಸಾದೋಳು, ನಮ್ ಮಾತ್ ಬರಾಕಿಲ್ಲ ಕಣವ್ವ. ನನ್ನೇ ಕೇಳು. ಒಟ್ಟೆನೋವು, ಅಷ್ಟೆಯ."

ಚೀಟಿ ತಿರುಗಿಸಿ ನೋಡಿದೆ. ಅದು ಮೂರನೇ ಭೇಟಿ. ಹಿಂದಿನ ಎರಡು ಸಲವೂ 'ವಿವರ: ಅತ್ತೆ ಹೇಳಿದಂತೆ' ಎಂದು ಬರೆದು, ನೋವಿನ ಮಾತ್ರೆ ಕೊಟ್ಟು ಕಳಿಸಲಾಗಿತ್ತು. ಎರಡನೆಯದು ನನ್ನದೇ ಅಕ್ಷರ. ಅದನ್ನು ನೋಡಿದಾಗ ನನ್ನ ಮೇಲೆ ನನಗೇ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಪರೀಕ್ಷೆಯ ಕೋಣೆಗೆ ಜೊತೆಯವರನ್ನು ಬಿಡುವುದಿಲ್ಲ ಎಂದು ಹೇಳಿ ಜಯಮ್ಮನನ್ನು ಹೊರಗೆ ಕೂರಿಸಿದೆ. ಸುಮತಿಯ ಬೆನ್ನಿನ ಮೇಲೆ, ತೋಳಿನ ಮೇಲೆ ಹಳೆಯ ಗಾಯಗಳಿದ್ದವು. ಕೋವಿಡ್ ಡ್ಯೂಟಿಯಲ್ಲಿ ನನ್ನ ಜೊತೆಗಿದ್ದ ಒಡಿಶಾದ ನರ್ಸ್ ಒಬ್ಬಳು ಬೆಂಗಳೂರಿನಲ್ಲಿದ್ದಳು. ಅವಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಬೆಳ್ಳೂರು ಕ್ರಾಸಿನ ಹೋಟೆಲುಗಳಲ್ಲೂ ಒಡಿಯಾ ಮಾತಾಡುವವರು ಸಿಗುತ್ತಿದ್ದರು. ಆದರೆ ಅವರಲ್ಲಿ ಯಾರಿಗೆ ಯಾರ ಪರಿಚಯವೋ.

"ಮೊದಲು ಇದನ್ನು ಹೇಳು," ಎಂದೆ. "ಇಷ್ಟವಿದ್ದರೆ ಮಾತಾಡಲಿ, ಇಲ್ಲದಿದ್ದರೆ ಬೇಡ. ಅವಳನ್ನು ಕೇಳದೆ ಯಾರಿಗೂ ಹೇಳುವುದಿಲ್ಲ."

ಸುಮತಿ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಒಂದೇ ಸಮನೆ ಮಾತಾಡಿದಳು. ಕೊನೆಗೆ ಫೋನಿನಿಂದ ಗೆಳತಿಯ ದನಿ ಬಂತು: "ಅಕ್ಕಾ, ಇವಳು ಪದೇಪದೇ ಕೇಳ್ತಿರೋದು ಒಂದೇ. ನನ್ನ ತಂಗಿ ಎಲ್ಲಿದ್ದಾಳೆ ಅಂತ."

ಗಾರ್ಮೆಂಟ್ಸ್ ಕೆಲಸ ಕೊಡಿಸುತ್ತೇನೆಂದು ಒಬ್ಬ ದಲ್ಲಾಳಿ ಹೆಂಗಸು ಸುಮತಿಯನ್ನು ಕರೆತಂದಿದ್ದಳು. ಮಗನಿಗೆ ಹೆಣ್ಣು ಸಿಗದ ಈ ಮನೆಯವರಿಂದ ಹಣ ಪಡೆದು, ಶ್ರೀರಂಗಪಟ್ಟಣದ ಹತ್ತಿರ ಒಂದು ಗುಡಿಯಲ್ಲಿ ತಾಳಿ ಕಟ್ಟಿಸಿ ಹೋಗಿದ್ದಳು. ಓಡಿಹೋದರೆ ಒಡಿಶಾದ ಊರಿನಲ್ಲಿದ್ದ ಹದಿನಾಲ್ಕರ ತಂಗಿಯನ್ನು ಇನ್ನೊಂದು ಮನೆಗೆ ಸಾಗಿಸುವುದಾಗಿ ಹೆದರಿಸಿದ್ದಳು. ಕಾನೂನಿನ ಭಾಷೆಯಲ್ಲಿ ಇದು ಮಾನವ ಕಳ್ಳಸಾಗಣೆ. ಊರಿನ ಭಾಷೆಯಲ್ಲಿ ಮದುವೆ.

ಸುಮತಿಯ ಒಪ್ಪಿಗೆ ಪಡೆದು ಡಾಕ್ಟರಿಗೆ ಹೇಳಿದೆ. ಹೊಟ್ಟೆನೋವಿಗೆ ಕಾರಣವಾದ ಸೋಂಕು ಜೋರಾಗಿಯೇ ಇತ್ತು. ಅವರು ಅಡ್ಮಿಟ್ ಮಾಡಿ, ಅವಳನ್ನು ಕೇಳಿಯೇ ಪೊಲೀಸರಿಗೂ ಮಹಿಳೆಯರ ಇಲಾಖೆಗೂ ತಿಳಿಸಿದರು. ಜಯಮ್ಮ ವಾರ್ಡಿನ ಬಾಗಿಲಲ್ಲಿ ನಿಂತು ಕೂಗಾಡಿದರು: "ಇವ್ಳೇನು ಕದ್ದು ತಂದೋಳಾ? ಐನೂರು ಜನ ಬಂದು ಉಂಡೋಗವ್ರೆ ನಮ್ಮನೆ ಮದುವೇಲಿ!"

ಸುಳ್ಳಲ್ಲ. ಗುಡಿಯಿಂದ ಬಂದ ಮೇಲೆ ಊರಿನಲ್ಲಿ ಹಾಕಿಸಿದ ಊಟವನ್ನು ಐನೂರು ಜನ ಉಂಡಿದ್ದರು. ಹೆಣ್ಣಿನ ಕಡೆಯವರು ಒಬ್ಬರೂ ಯಾಕಿಲ್ಲ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ಬಂದು ಹಾಸಿಗೆಯ ಪಕ್ಕದಲ್ಲೇ ನಿಂತು, ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ, "ಮೊದಲಿಂದ ಹೇಳಮ್ಮ" ಎಂದರು. ಹಿಂದೆಯೇ ಮಹಿಳೆಯರ ಇಲಾಖೆಯ ಅಧಿಕಾರಿಣಿ ತಮ್ಮ ಫಾರಂ ಹಿಡಿದು ಬಂದರು. ಡಾಕ್ಟರ್ ತಮ್ಮ ವರದಿಗೆ ಬೇರೆ ಕೇಳಬೇಕಿತ್ತು. ಸುಮತಿ ಗೋಡೆಯ ಕಡೆ ತಿರುಗಿ ಮುಸುಕೆಳೆದುಕೊಂಡಳು.

ನನ್ನ ದನಿ ಏರಿತು. "ಅವಳು ಹೇಳುವುದು ಒಂದೇ ಸಲ. ಬೇಕಾದವರೆಲ್ಲ ಒಟ್ಟಿಗೆ ಕೂತು ಕೇಳಿ. ಮೊಬೈಲ್ ಒಳಗಿಡಿ ಸಾರ್."

ಲಸಿಕೆ ಹಾಕುವ ಕೋಣೆಯನ್ನು ಖಾಲಿ ಮಾಡಿಸಿ ಕುರ್ಚಿ ಹಾಕಿಸಿದೆ. ಸಬ್ ಇನ್ಸ್‌ಪೆಕ್ಟರ್ ಜೊತೆ ಬಂದಿದ್ದ ಪಾಂಡವಪುರದ ಕಡೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಹೇಳಿಕೆ ಬರೆದುಕೊಂಡರು. ಫೋನಿನಲ್ಲಿ ಗೆಳತಿ ಅನುವಾದಿಸಿದಳು. ಸುಮತಿ ಇಟ್ಟದ್ದು ಒಂದೇ ಷರತ್ತು: ತಂಗಿ ಸಿಗುವವರೆಗೆ ಇಲ್ಲಿ ಯಾರನ್ನೂ ಮುಟ್ಟಬಾರದು.

ಸಬ್ ಇನ್ಸ್‌ಪೆಕ್ಟರಿಗೆ ತಡೆಯಲಾಗಲಿಲ್ಲ. "ದಲ್ಲಾಳಿ ನಂಬರ್ ಸಿಕ್ಕೈತೆ. ಈಗ್ಲೇ ಎತ್ತಾಕಂಡ್ ಬಂದ್ಬುಡ್ತೀನಿ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. "ಒಂದಿನ ತಡ್ಕಳಿ ಸಾರ್. ನಾವ್ ಇಲ್ಲಿ ಬಾಗ್ಲು ತಟ್ಟುದ್ರೆ ಅಲ್ಲಿಗೆ ಫೋನ್ ಓಯ್ತದೆ. ಆ ಮಗೀನ ಮಾಯ ಮಾಡ್ಬುಡ್ತಾರೆ."

ಸಬ್ ಇನ್ಸ್‌ಪೆಕ್ಟರ್ ತಡೆದುಕೊಂಡರು. ಅಧಿಕಾರಿಣಿ ಅಲ್ಲಿಂದಲೇ ಒಡಿಶಾದಲ್ಲಿ ಸುಮತಿಯ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿದರು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ತಂಗಿ ಶಾಲೆಯಲ್ಲೇ ಘಟಕದವರಿಗೆ ಸಿಕ್ಕಳು. ವಿಡಿಯೋ ಕರೆಯಲ್ಲಿ ಆ ಮುಖ ಕಂಡದ್ದೇ ಸುಮತಿ ಫೋನನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು.

ನಾಲ್ಕು ಗಂಟೆಗೆ ಹಾಸಿಗೆಯ ಮೇಲಿನ ಸುಮತಿಯ ಫೋಟೋ, ಊರಿನ ಹೆಸರಿನ ಸಮೇತ, ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಕಳಿಸಿದವನು ಹೊರಗಿನವನಲ್ಲ, ನಮ್ಮ ಆಸ್ಪತ್ರೆಯ ನೌಕರ. ದಲ್ಲಾಳಿಯ ಫೋನ್ ಸ್ವಿಚ್ ಆಫ್ ಆಯಿತು; ಅವಳು ಇವತ್ತಿಗೂ ಸಿಕ್ಕಿಲ್ಲ. ಒಂದು ಗಂಟೆಗೂ ನಾಲ್ಕು ಗಂಟೆಗೂ ನಡುವೆ ಇದ್ದದ್ದು ಮೂರೇ ಗಂಟೆ; ಫೋಟೋ ಅಷ್ಟು ಮೊದಲೇ ಹೊರಟಿದ್ದರೆ ತಂಗಿಯೂ ಸಿಗುತ್ತಿರಲಿಲ್ಲ. ಆ ನೌಕರನಿಗೆ ಸಿಕ್ಕಿದ್ದು ಒಂದು ಮೆಮೊ. "ನಾಕ್ ಜನುಕ್ಕೆ ಗೊತ್ತಾಗ್ಲಿ ಅಂತ ಆಕ್ದೆ, ಅದ್ರಾಗೇನ್ ತಪ್ಪು?" ಎಂದು ನನ್ನನ್ನೇ ಕೇಳಿದ. ಕೈ ಎತ್ತದಂತೆ ನನ್ನನ್ನು ತಡೆದದ್ದು ಏನೆಂದು ಗೊತ್ತಿಲ್ಲ.

ಡಿಸ್ಚಾರ್ಜ್ ದಿನ ಅಧಿಕಾರಿಣಿ ಒಂದು ಆಶ್ರಯಧಾಮದ ಬಗ್ಗೆ ವಿವರಿಸಿದರು. ಊಟವಿದೆ, ಹೊಲಿಗೆ ಕಲಿಸುತ್ತಾರೆ, ಟಿ.ವಿ. ಇದೆ. ಸುಮತಿ ಫೋನಿನಲ್ಲಿ ಗೆಳತಿಯ ಮೂಲಕ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಬಾಗಿಲಿಗೆ ಚಿಲಕ ಒಳಗಿದೆಯಾ, ಹೊರಗಿದೆಯಾ?"

ಅಧಿಕಾರಿಣಿ ಅಲ್ಲಿಗೆ ಫೋನ್ ಮಾಡಿ ಕೇಳಿದರು. ಮುಖ ಸಣ್ಣದಾಯಿತು. ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಎರಡು ದಿನ ಓಡಾಡಿ ಮೈಸೂರಿನಲ್ಲಿ ದುಡಿಯುವ ಮಹಿಳೆಯರ ಹಾಸ್ಟೆಲಿನಲ್ಲಿ ಕೋಣೆ ಕೊಡಿಸಿದರು. ಬೀಗದ ಕೈ ಸುಮತಿಯ ಕೈಯಲ್ಲೇ ಇತ್ತು. ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟ ಮೇಲೆ ಅವಳು ತಂಗಿ ಇದ್ದ ಊರಿಗೆ ತಾನಾಗಿಯೇ ಹೊರಟಳು. ಈಗ ಅಲ್ಲಿ ಟೈಲರಿಂಗ್ ಮಾಡುತ್ತಾಳೆ. ತಾಳಿ ಕಟ್ಟಿದವನು ಜಾಮೀನಿನ ಮೇಲಿದ್ದಾನೆ. ಮೊಕದ್ದಮೆ ನಡೆಯುತ್ತಲೇ ಇದೆ.

ನಿವೃತ್ತಿಯಾದ ಮೇಲೆ ತರಬೇತಿಗಳಿಗೆ ಕರೆದು ಈ ಪ್ರಕರಣ ಹೇಳಿಸುತ್ತಾರೆ. ನಾನು ಒಬ್ಬಳನ್ನು 'ರಕ್ಷಿಸಿದೆ' ಎಂದು ಪರಿಚಯಿಸುತ್ತಾರೆ. ಮೈಕ್ ಹಿಡಿದ ಕೂಡಲೇ ಅದನ್ನು ತಿದ್ದುತ್ತೇನೆ. ಸುಮತಿ ತನ್ನ ತಂಗಿಯನ್ನು ರಕ್ಷಿಸಿಕೊಂಡಳು. ಸರ್ಕಾರದ ಸಂಬಳ ತಿನ್ನುವ ನಾವೆಲ್ಲ ಸೇರಿ ಮಾಡಿದ್ದು ಒಂದು ದಿನ ಅವಳಿಗೆ ಅಡ್ಡ ಬರದೆ ಇದ್ದದ್ದು. ಅದೂ ಮಧ್ಯಾಹ್ನ ನಾಲ್ಕು ಗಂಟೆಯವರೆಗೆ ಮಾತ್ರ.